ತೊಂಬತ್ತಕ್ಕೆ ಉತ್ತರ ಕೊಟ್ಟ ಯಂತ್ರ

ನನ್ನ ಕ್ಯಾಲ್ಕುಲೇಟರಿನ ಎಡ ಮೇಲ್ಮೂಲೆಯಲ್ಲಿ ಒಂದು ಪುಟ್ಟ ಗುಂಡಿಯಿದೆ. ಅದರ ಮೇಲೆ ಡಿ, ಆರ್, ಜಿ ಎಂದು ಮೂರು ಅಕ್ಷರಗಳು. ಕೋನವನ್ನು ಯಾವ ಅಳತೆಯಲ್ಲಿ ಲೆಕ್ಕ ಹಾಕಬೇಕೆಂದು ಆ ಗುಂಡಿ ತೀರ್ಮಾನಿಸುತ್ತದೆ. ಒತ್ತಿದ ಹಾಗೆಲ್ಲ ಅಳತೆ ಬದಲಾಗುತ್ತ ಹೋಗುತ್ತದೆ: ಡಿಗ್ರಿ, ರೇಡಿಯನ್, ಆಮೇಲೆ ಮೂರನೆಯದೊಂದು. ಈಗ ಯಾವುದರಲ್ಲಿದೆ ಎಂದು ತಿಳಿಯಬೇಕಾದರೆ ಪರದೆಯ ಅಂಚಿನಲ್ಲಿ ಸಾಸಿವೆಕಾಳಿನಷ್ಟಿರುವ ಅಕ್ಷರವನ್ನು ಹುಡುಕಬೇಕು. ಎಲ್ಲವನ್ನೂ ಅಳಿಸುವ ಗುಂಡಿ ಒತ್ತಿದರೂ ಅದು ಅಳಿಯುವುದಿಲ್ಲ, ಆರಿಸಿ ಮತ್ತೆ ಹಚ್ಚಿದರೂ ಕದಲುವುದಿಲ್ಲ. ಡಿಪ್ಲೊಮಾ ಓದುವಾಗ ಕೊಂಡ ಯಂತ್ರ. ಇಷ್ಟು ವರ್ಷ ನಾವಿಬ್ಬರೂ ಒಬ್ಬರನ್ನೊಬ್ಬರು ಸಹಿಸಿಕೊಂಡು ಬಂದಿದ್ದೆವು. ಈ ಸಲದ ಬೇಸಿಗೆಯಲ್ಲಿ ಮಾತ್ರ ಅದು ನನ್ನ ಮಾನ ಕಳೆಯುವುದರಲ್ಲಿತ್ತು. ನನ್ನ ಮಾನ ಹೋದರೆ ಹೋಗಲಿ, ನನ್ನ ಟೀಚರ್ ಕೊನೆಯದಾಗಿ ಕೇಳಿದ ಒಂದು ನೋಟವನ್ನೂ ಕಳೆಯುವುದರಲ್ಲಿತ್ತು.

ನಾನು ಚೆನ್ನೈಯ ಪುರಸೈವಾಕ್ಕಂನ ಒಂದು ಅಂಗಡಿಯಲ್ಲಿ ನಕ್ಷೆ ಬರೆಯುವವಳು. ಹಿತ್ತಾಳೆಯ ನಾಮಫಲಕ, ಕಲ್ಲಿನ ಶಾಸನ, ಗೃಹಪ್ರವೇಶದ ಫಲಕ, ಇಂಥವು. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ಬೀದಿಯೆಲ್ಲ ಬಿಸಿಲಿಗೆ ನೀರಿನ ಹಾಗೆ ಅಲುಗುತ್ತಿದ್ದಾಗ, ಆಟೋ ಒಂದು ಬಂದು ನಿಂತಿತು. ಅದರಿಂದ ಇಳಿದ ಹೆಂಗಸು ನಮ್ಮ ಮೆಟ್ಟಿಲನ್ನು ಮೊದಲು ಕಾಲಿನಿಂದ ತಡವಿ ಆಮೇಲೆ ಹತ್ತಿದರು. ಶಾಲೆಯಲ್ಲಿ ನನಗೆ ತ್ರಿಕೋನಮಿತಿ ಕಲಿಸಿದ ಗಣಿತದ ಟೀಚರ್. ನಿವೃತ್ತರಾಗಿ ಬಹಳ ಕಾಲವಾಗಿತ್ತು.

ಅವರ ಮನೆ ಟಿ. ನಗರದಲ್ಲಿ. ಮಾಧ್ವರ ಮನೆತನ, ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೇ ಗೊತ್ತಿಲ್ಲ. ಅವರ ಕನ್ನಡದಲ್ಲಿ ತಮಿಳು, ಹಾಲಿಗೆ ಬಿದ್ದ ಸಕ್ಕರೆಯಂತೆ ಕರಗಿದೆ. ನಮ್ಮದು ಧಾರವಾಡದ ಕಡೆಯ ಮಾತು. ಅಜ್ಜ ಪೆರಂಬೂರಿಗೆ ರೈಲ್ವೆ ಕೆಲಸಕ್ಕೆ ಬರುವಾಗ ಗಂಟು ಕಟ್ಟಿ ತಂದದ್ದನ್ನು ನಾವು ಬಿಚ್ಚದೆ ಇಟ್ಟುಕೊಂಡಿದ್ದೇವೆ. ಆ ತಮಿಳು ಶಾಲೆಯಲ್ಲಿ ನಾವಿಬ್ಬರು ಕನ್ನಡದಲ್ಲಿ ಮಾತಾಡಿದರೆ ಉಳಿದವರಿಗೆ ಎರಡು ಬೇರೆ ಬೇರೆ ಭಾಷೆಯ ಹಾಗೆ ಕೇಳುತ್ತಿತ್ತಂತೆ.

"ಕಣ್ಣು ಹೋಗ್ತಾ ಇದೆ ಮಾ," ಎಂದರು, ಕುರ್ಚಿಯಲ್ಲಿ ಕೂತು, ಕಾಫಿ ಬೇಡವೆನ್ನುವಷ್ಟೇ ಸಲೀಸಾಗಿ. "ಎಡಗಣ್ಣು ಮುಗೀತು. ಬಲಗಣ್ಣಲ್ಲಿ ಬಳೆ ಒಳಗಿಂದ ನೋಡಿದ ಹಾಗೆ ಕೊಂಚ ಕಾಣತ್ತೆ. ಆ ಬಳೆನೂ ಚಿಕ್ಕದಾಗ್ತಾನೇ ಇದೆ. ವಾಪಸ್ ಬರೋ ಕಾಯಿಲೆ ಅಲ್ಲ."

"ನಾ ಏನ್ ಮಾಡ್ಲಿ ಹೇಳ್ರಿ ಟೀಚರ್," ಎಂದೆ.

"ಸ್ಕೂಲ್ ಅಂಗಳದಲ್ಲಿ ಒಂದು ನೆರಳು ಗಡಿಯಾರ ಬೇಕು. ಕಲ್ಲಲ್ಲಿ. ಎಚ್ಚೆಮ್ ಹತ್ರ ಮಾತಾಡಿಯಾಯ್ತು, ಜಾಗ ಕೊಡ್ತಾರೆ. ಸರ್ವೀಸ್ ಎಲ್ಲಾ ಬೋರ್ಡಲ್ಲಿ ಸೈನು, ಟ್ಯಾನು ಬರ್ದೆ. ಒಂದು ಸಲ ಆದ್ರೂ ಅದು ನೆಲದ ಮೇಲೆ ನಡೆಯೋದನ್ನ ನೋಡ್ಲಿಲ್ಲ. ಕಣ್ಣು ಇರೋವಾಗಲೇ ನೋಡ್ಬೇಕು. ನೆರಳು ಬಂದು ಗೀಟು ಮೇಲೆ ಉಕ್ಕಾರೋದನ್ನ."

ನೆರಳು ಕೂರುವುದಕ್ಕೆ ಅವರು ಹೇಳಿದ ಆ ತಮಿಳು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅಂದಿನಿಂದ ಯಾವ ನೆರಳನ್ನು ಕಂಡರೂ ಅದು ಎಲ್ಲಿಯೋ ಉಕ್ಕಾರಲು ಹೊರಟಿದೆ ಎನಿಸುತ್ತಿತ್ತು.

ಅವರದೊಂದು ಷರತ್ತು ಇತ್ತು. "ಫೋನಿಂದ ಇಳಿಸಿಕೊಂಡು ಬರಬಾರದು. ನೀನೇ ಲೆಕ್ಕ ಹಾಕ್ಬೇಕು. ನಾನು ಕಲಿಸಿದ್ದು ತಾನೆ ಅದು?"

ಕಲ್ಲು ಕೆತ್ತುವುದಕ್ಕೆ ಮಹಾಬಲಿಪುರದ ಮೇಸ್ತ್ರಿ ಸಿಕ್ಕಿದರು. ಟೀಚರ್ ಕಣ್ಣಿಗೆ ನೆರಳು ಎದ್ದು ಕಾಣಬೇಕೆಂದು ಕರಿಕಲ್ಲು ಬಿಟ್ಟು, ಬೂದಿ ಬಣ್ಣಕ್ಕಿಂತ ತಿಳಿಯಾದ ಒಂದು ಹಲಗೆಯನ್ನು ಆರಿಸಿದೆವು. ಅಂಥದ್ದು ಅವರ ಹತ್ತಿರ ಇದ್ದದ್ದು ಒಂದೇ. ಏಪ್ರಿಲ್ ನಡುವೆ ಹುಟ್ಟುವ ತಮಿಳು ತಿಂಗಳು ಚಿತ್ತಿರೈನ ಕೊನೆಗೆ ಅವರು ಕುಂಭಕೋಣದ ಕಡೆಗೆ ದೇವಸ್ಥಾನದ ಕೆಲಸಕ್ಕೆ ಹೊರಡುವವರು, ಹೋದರೆ ವರ್ಷಗಟ್ಟಲೆ ಬರುವವರಲ್ಲ. ತಪ್ಪಿದರೆ ಬೇರೆ ಕಲ್ಲಿಲ್ಲ, ಬೇರೆ ಕೈಯಿಲ್ಲ, ಟೀಚರ್ ಕಣ್ಣಿನ ಬಳೆಯೂ ಕಾಯುವುದಿಲ್ಲ.

ಮೊದಲ ಕೆಲಸ ಉತ್ತರ ದಿಕ್ಕು ಹಿಡಿಯುವುದು. ನೆರಳು ಗಡಿಯಾರದ ಹನ್ನೆರಡರ ಗೀಟು ನೇರ ಉತ್ತರಕ್ಕೆ ಇರಬೇಕು. ಕಬ್ಬಿಣ ತುಂಬಿದ ಊರಿನಲ್ಲಿ ದಿಕ್ಸೂಚಿಯನ್ನು ನಂಬುವುದು ಕಷ್ಟ. ಹಾಗಾಗಿ ಒಂದು ರಜೆಯ ದಿನ ಶಾಲೆಯ ಅಂಗಳದಲ್ಲೇ ನೆಲಕ್ಕೆ ಒಂದು ವೃತ್ತ ಎಳೆದು ನಡುವೆ ಮೊಳೆ ನಿಲ್ಲಿಸಿದೆ. ಬೆಳಿಗ್ಗೆ ಮೊಳೆಯ ನೆರಳಿನ ತುದಿ ಕುಗ್ಗುತ್ತ ಬಂದು ವೃತ್ತವನ್ನು ಒಳಗೆ ದಾಟುತ್ತದೆ, ಸಂಜೆಯ ಕಡೆಗೆ ಬೆಳೆಯುತ್ತ ಹೋಗಿ ಹೊರಗೆ ದಾಟುತ್ತದೆ. ಎರಡೂ ಕಡೆ ಚುಕ್ಕೆಯಿಟ್ಟು ಸೇರಿಸಿದರೆ ಪೂರ್ವ ಪಶ್ಚಿಮ, ಅದಕ್ಕೆ ಲಂಬವಾಗಿ ಎಳೆದರೆ ಉತ್ತರ. ನಡುವಿನ ಹೊತ್ತಿನಲ್ಲಿ ಮಾಡುವುದೇನೂ ಇರಲಿಲ್ಲ. ಗೋಡೆಗೆ ಒರಗಿ ಕೂತೆ. ನಡುಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದು ಮೊಳೆಯ ನೆರಳು ಅದರ ಬುಡದಲ್ಲೇ ಮುದುಡಿಕೊಂಡಿತು. ಕಾಗೆಗಳೂ ಕೂಗಲಿಲ್ಲ. ನಾನು ಎಚ್ಚರವಾಗಿದ್ದೆನೋ ಕನಸಿನಲ್ಲಿದ್ದೆನೋ, ಆ ಅಂಗಳ ನಿಧಾನವಾಗಿ ತಿರುಗುತ್ತಿದೆ, ನಾನು ಅದರ ಮೇಲೆ ಕೂತಿದ್ದೇನೆ ಎಂಬುದು ಮೈಗೇ ತಿಳಿದಂತಾಯಿತು. ಪುಸ್ತಕದಲ್ಲಿ ಎಷ್ಟು ಸಲ ಓದಿದ ಮಾತು ಅದು! ತುಂಬ ಖುಷಿಯಾಯಿತು, ಸ್ವಲ್ಪ ತಲೆಯೂ ತಿರುಗಿತು.

ಆಮೇಲೆ ಗೀಟುಗಳ ಲೆಕ್ಕ. ಸೂತ್ರ ಸಣ್ಣದು. ಊರಿನ ಅಕ್ಷಾಂಶದ ಸೈನ್ ತೆಗೆದುಕೊಳ್ಳಬೇಕು. ಚೆನ್ನೈಗೆ ಅದು ಹದಿಮೂರು ಡಿಗ್ರಿ. ಸೂರ್ಯ ಗಂಟೆಗೆ ಹದಿನೈದು ಡಿಗ್ರಿ ಸರಿಯುವುದರಿಂದ ಒಂದು ಗಂಟೆಗೆ ಹದಿನೈದು, ಎರಡಕ್ಕೆ ಮೂವತ್ತು, ಮೂರಕ್ಕೆ ನಲವತ್ತೈದು, ಹೀಗೆ ಆಯಾ ಗಂಟೆಯ ಕೋನದ ಟ್ಯಾನ್‌ನಿಂದ ಅದನ್ನು ಗುಣಿಸಬೇಕು. ಬಂದದ್ದನ್ನು ತಿರುಗಿಸಿ ಕೋನ ಮಾಡಿದರೆ ಹನ್ನೆರಡರ ಗೀಟಿನಿಂದ ಆ ಗಂಟೆಯ ಗೀಟು ಎಷ್ಟು ದೂರ ಎಂದು ತಿಳಿಯುತ್ತದೆ. ಆರು ಗಂಟೆಯದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಅದು ಲಂಬವಾಗಿ ಅಡ್ಡಡ್ಡ ಇರುತ್ತದೆಂದು ಎಲ್ಲರಿಗೂ ಗೊತ್ತು. ನಾನೂ ಹಾಕಲಿಲ್ಲ.

ಊಟದ ಬಿಡುವಿನಲ್ಲಿ ಒಂದೊಂದೇ ಗೀಟು ಮಾಡುತ್ತಿದ್ದೆ. ಒಂದು ಉತ್ತರ ಬರೆದುಕೊಳ್ಳುವಷ್ಟರಲ್ಲಿ ಮುದಲಾಳಿ, ಅಂದರೆ ಅಂಗಡಿಯ ಯಜಮಾನರು, ಕೂಗುತ್ತಿದ್ದರು. ಯಂತ್ರಕ್ಕೆ ಮುಚ್ಚಳ ಜಾರಿಸಿ ಓಡುತ್ತಿದ್ದೆ. ಹೇಗೂ ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದೆ ಎಂದು ಆರಿಸುತ್ತಲೂ ಇರಲಿಲ್ಲ. ಒಮ್ಮೆ ವಾಪಸ್ ಬಂದು ನೋಡಿದರೆ ಉತ್ತರಗಳು ಹುಚ್ಚುಹುಚ್ಚಾಗಿದ್ದವು. ರೇಡಿಯನ್‌ಗೆ ಹೋಗಿ ಕೂತಿತ್ತು. "ಏನ್ ಧಾಡಿ ಬಡದದ ನಿನಗ?" ಎಂದು ಬೈದು, ಎಲ್ಲವನ್ನೂ ಹೊಡೆದುಹಾಕಿ, ಮುಚ್ಚಳ ಜಾರಿಸಿ ಊಟಕ್ಕೆ ಹೋದೆ. ಮರುದಿನ ಪರದೆಯ ಅಂಚಿನಲ್ಲಿ ಡಿ ಕಂಡಂತಾಯಿತು. ಒಂದೇ ಸಲಕ್ಕೆ ಕೂತು ಮೊದಲಿನಿಂದ ಹಾಕಿದಾಗ ಸಂಖ್ಯೆಗಳು ಸಾಧುವಾಗಿ, ಸಾಲಾಗಿ, ಮೆಲ್ಲಗೆ ಏರುತ್ತ ಬಂದವು. ಸರಿಹೋಯಿತು ಎಂದುಕೊಂಡೆ. ರೇಡಿಯನ್ ಎಂಬುದು ಅಡುಗೆಮನೆಗೆ ನುಗ್ಗಿದ ಬೆಕ್ಕು, ಬಂದರೆ ಪಾತ್ರೆ ಬಿದ್ದು ಗೊತ್ತಾಗುತ್ತದೆ. ಬಾಗಿಲು ತೆರೆದು, ಚಪ್ಪಲಿ ಬಿಟ್ಟು, ಮನೆಯವರ ಹಾಗೇ ಬಂದು ಕೂರುವ ಕಳ್ಳನೂ ಇದ್ದಾನೆಂದು ನನಗೇನು ಗೊತ್ತು?

ಹಾಳೆಯ ಮೇಲೆ ಗೀಟುಗಳನ್ನು ಎಳೆದೆ. ನಮ್ಮಷ್ಟು ದಕ್ಷಿಣದ ಊರಿನಲ್ಲಿ ಅವು ಹನ್ನೆರಡರ ಸುತ್ತ ಬಾಚಣಿಗೆ ಹಲ್ಲಿನಂತೆ ಒತ್ತಿಕೊಂಡಿರುತ್ತವೆ, ಐದು ಆರರ ಹತ್ತಿರ ಅಂಗಳದಷ್ಟು ಬಿಟ್ಟುಕೊಳ್ಳುತ್ತವೆ. ಪ್ಲೈವುಡ್ಡಿನಲ್ಲಿ ನೆರಳು ಬೀಳಿಸುವ ತ್ರಿಕೋನದ ಶಂಕು ಕತ್ತರಿಸಿ ನಿಲ್ಲಿಸಿ, ಅಂಗಡಿಯ ತಾರಸಿಗೆ ಹೊತ್ತುಕೊಂಡು ಹೋಗಿ ಉತ್ತರಕ್ಕೆ ಹೊಂದಿಸಿ ಇಟ್ಟೆ. ಅಲ್ಲಿ ಪರೀಕ್ಷಿಸಲು ಸಿಗುವ ಹೊತ್ತೂ ಕಡಿಮೆ. ಹನ್ನೆರಡು ದಾಟುವವರೆಗೂ ನೀರಿನ ಟ್ಯಾಂಕಿನ ನೆರಳು, ಎರಡು ಗಂಟೆ ಆಯಿತೆಂದರೆ ಪಕ್ಕದ ಜವಳಿ ಅಂಗಡಿಯ ಹೋರ್ಡಿಂಗಿನಲ್ಲಿ ರೇಷ್ಮೆ ಉಟ್ಟು ನಿಂತ ಮದುಮಗಳ ನೆರಳು. ನನಗೆ ಸಿಕ್ಕಿದ್ದು ಒಂದು ಗಂಟೆಯ ಗೀಟು ಒಂದೇ. ಕೈಗಡಿಯಾರ ಒಂದು ತೋರಿಸಿದಾಗ ಬಗ್ಗಿ ನೋಡಿದೆ. ನೆರಳಿನ ಅಂಚು ಒಂದರ ಗೀಟಿಗೆ ತಾಗಿಯೇ ಇತ್ತು, ಕೂದಲೆಳೆಯಷ್ಟು ಹಿಂದೆ. ಬಿಸಿ ತಾರಸಿಯ ಮೇಲೆ ಬರಿಗಾಲಲ್ಲಿ ಕುಣಿದೆ. ಅರ್ಧ ಖುಷಿಗೆ, ಅರ್ಧ ಕಾಲು ಸುಟ್ಟದ್ದಕ್ಕೆ.

ಹಾಳೆಯನ್ನು ಸುತ್ತಿ ಅಂಗಡಿಯ ವ್ಯಾನಿನಲ್ಲಿ ಮೇಸ್ತ್ರಿಗೆ ಕಳಿಸಿಬಿಟ್ಟೆ. ಮರುದಿನ ಅರ್ಧ ದಿನ ರಜೆ ಹಾಕಿ, ಸುದ್ದಿ ಹೇಳಲು ಟಿ. ನಗರಕ್ಕೆ ಹೋದೆ.

ಟೀಚರ್ ಮನೆಯ ವರಾಂಡದಲ್ಲಿ ಬಿದಿರಿನ ತೆರೆಯ ಸಂದಿಯಿಂದ ಬಿಸಿಲು ಬಂದು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಅವರು ಅದರ ನಡುವೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕಣ್ಣಿನ ಕೆಲಸವನ್ನೆಲ್ಲ ಬೆರಳಿಗೆ ಒಪ್ಪಿಸಿ ಆಗಿತ್ತು.

"ಬರೋಬ್ಬರಿ ಹೊಂದೇತ್ರಿ ಟೀಚರ್!" ಎಂದೆ. "ಗಡಿಯಾರದಾಗ ಒಂದಾದ್ರ ನೆರಳಿನಾಗೂ ಒಂದು."

ಅವರ ಬೆರಳು ನಿಂತಿತು. "ಯಾವ ಗಡಿಯಾರಕ್ಕೆ?"

"ನನ್ನ ಕೈಗಡಿಯಾರಕ್ರಿ. ಫೋನಿನ ಟೈಮಿಗೆ ಹಚ್ಚೇನಿ."

"ಹಾಗಾದ್ರೆ ತಪ್ಪು ಮಾ," ಎಂದರು. "ಹೊಂದಬಾರದು ತಾನೆ?"

ನನ್ನ ನಗು ಮುಖದಲ್ಲೇ ಉಳಿದಿರಬೇಕು. ಅವರಿಗೆ ಅದು ಕಾಣದಿದ್ದದ್ದು ಒಳ್ಳೆಯದಾಯಿತು. ಅವರು ಪಾಠದ ಧ್ವನಿಯಲ್ಲಿ ಹೇಳಿದರು. ಇಡೀ ದೇಶದ ಗಡಿಯಾರ ನಡೆಯುವುದು ನಮಗಿಂತ ಪೂರ್ವದ ಒಂದು ರೇಖೆಯ ಸೂರ್ಯನ ಪ್ರಕಾರ. ಅಲ್ಲಿ ನೆತ್ತಿಗೆ ಬಂದ ಸೂರ್ಯ ಚೆನ್ನೈಯ ನೆತ್ತಿಗೆ ಬರಲು ಇನ್ನೂ ಸುಮಾರು ಒಂಬತ್ತು ನಿಮಿಷ ಬೇಕು. ವರ್ಷದ ಬೇರೆ ದಿನಗಳಲ್ಲಿ ಸೂರ್ಯನದೇ ಒಂದಿಷ್ಟು ಹಿಂದೆ ಮುಂದೆ ಇರುತ್ತದೆ, ಆದರೆ ಚಿತ್ತಿರೈ ಹುಟ್ಟುವ ಈ ದಿನಗಳಲ್ಲಿ ಅದೂ ಇಲ್ಲ. "ನಮ್ಮೂರಲ್ಲಿ ಸರಿಯಾದ ನೆರಳು ಗಡಿಯಾರ ಈಗ ಒಂಬತ್ತು ನಿಮಿಷ ಲೇಟಾಗಿ ಇರ್ಬೇಕು. ಲೇಟಿಲ್ಲ ಅಂದ್ರೆ ಎಲ್ಲೋ ಪೊಯ್ ಹೇಳ್ತಾ ಇದೆ."

ಪೊಯ್ ಎಂದರೆ ಸುಳ್ಳು. ತಪ್ಪು ಎಂದಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಮೇಸ್ತ್ರಿ ಅಂದೇ ಉಳಿ ಹಚ್ಚುವುದಾಗಿ ಹೇಳಿದ್ದರು. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ತಪ್ಪು ಇದೆಯೋ ಇಲ್ಲವೋ ಎಂಬುದೂ ಖಚಿತವಿರಲಿಲ್ಲ. ಕಣ್ಣು ಕಾಣದ ಒಬ್ಬರ ಒಂದು ಮಾತಿಗೆ ಪೂಜೆ ಮಾಡಿ ಇಟ್ಟ ಕಲ್ಲಿನ ಕೆಲಸ ನಿಲ್ಲಿಸಿದರೆ ಮೇಸ್ತ್ರಿ ಮುನಿಸಿಕೊಂಡು ಕುಂಭಕೋಣಕ್ಕೆ ಈಗಲೇ ಹೊರಟುಬಿಡಬಹುದು, ಮುದಲಾಳಿ ನನ್ನನ್ನು ಬಿಡಿಸಲೂಬಹುದು. ನಿಲ್ಲಿಸದಿದ್ದರೆ ಟೀಚರ್ ಕೊನೆಯದಾಗಿ ನೋಡುವುದು ಕಲ್ಲಿನಲ್ಲಿ ಕೆತ್ತಿದ ಸುಳ್ಳನ್ನು. ಯೋಚಿಸುತ್ತ ಕೂತರೆ ಧೈರ್ಯ ಆರಿಹೋಗುತ್ತದೆಂದು ಕೂಡಲೇ ಫೋನ್ ಮಾಡಿದೆ.

ಆ ಕಡೆ ಕಲ್ಲು ಕೊಯ್ಯುವ ಯಂತ್ರದ ಕಿರುಚಾಟ. ಗಾಬರಿಯಾದಾಗ ನಾನು ಧಾರವಾಡದ ಕನ್ನಡದಲ್ಲಿ ಯೋಚಿಸಿ ತಮಿಳಿನಲ್ಲಿ ಕೂಗುತ್ತೇನೆ. ಕಲ್ಲಿನ ಕೆಲಸ ನಿಲ್ಲಿಸ್ರಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು, "ಮೇಸ್ತ್ರಿ, ಕಲ್ಲ ನಿರುತ್ತುಂಗ! ಕಲ್ಲ ನಿರುತ್ತುಂಗ!"

"ಸರಿ ಮಾ, ಸರಿ ಮಾ," ಎಂದರು. ಕರೆ ಕಡಿದುಹೋಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

"ಈಗ ಪಾರ್ಕೋಣ," ಎಂದರು ಟೀಚರ್, ಕೈ ಒರೆಸಿಕೊಳ್ಳುತ್ತ, ಈಗ ನೋಡೋಣ ಎಂದು. ನಾನು ಲೆಕ್ಕದ ಪುಸ್ತಕ ತೆಗೆದು ಸಂಖ್ಯೆಗಳನ್ನು ಓದಲು ಹೊರಟೆ. ಅವರು ತಡೆದರು. "ಎಲ್ಲಾ ಬೇಡ. ಮೂರು ಗಂಟೆದು ಒಂದೇ ಸಾಕು. ಅದಕ್ಕೆ ಕೋನ ನಲವತ್ತೈದು. ಟ್ಯಾನ್ ನಲವತ್ತೈದು ಎಷ್ಟು?"

"ಒಂದ್ರಿ," ಎಂದೆ, ಬೆಂಚಿನ ಮೇಲೆ ನಿಂತ ಹುಡುಗಿಯ ಹಾಗೆ.

"ಆಮಾ. ಒಂದರಿಂದ ಗುಣಿಸಿದ್ರೆ ಸೈನ್ ಹದಿಮೂರು ಹಾಗೇ ಉಳಿಯತ್ತೆ. ಅದನ್ನ ತಿರುಗಿಸಿದ್ರೆ ಹದಿಮೂರಕ್ಕೆ ಕೊಂಚ ಕಡಿಮೆ. ಹನ್ನೆರಡೂವರೆ ಮೇಲೆ ಇರ್ಬೇಕು. ನಿನ್ನದು?"

ಪುಸ್ತಕ ನೋಡಿದೆ. "ಹನ್ನೊಂದಕ್ಕೂ ಕಡಿಮಿ ಅದ ರೀ."

ಕೈಚೀಲದಿಂದ ಯಂತ್ರ ತೆಗೆದೆ. ನಲವತ್ತೈದು ಒತ್ತಿ ಟ್ಯಾನ್ ಒತ್ತಿದೆ. ಒಂದು ಬರಬೇಕಾದ ಕಡೆ ಸೊನ್ನೆ ಪಾಯಿಂಟ್ ಎಂಟು ಐದು ಎಂದು ಬಂತು. ಒಂದು ಕ್ಷಣ ಜಗತ್ತಿನ ಮೇಲೇ ಅನುಮಾನ ಹುಟ್ಟಿತು. ಟ್ಯಾನ್ ನಲವತ್ತೈದು ಒಂದಲ್ಲ ಎಂದ ಮೇಲೆ ಇನ್ನು ಯಾವುದನ್ನು ನಂಬುವುದು? ಇದರ ಹುಚ್ಚು ಎಲ್ಲಿಯವರೆಗೆ ಹೋಗಿದೆ ನೋಡ್ತೀನಿ ಎಂದು ಸಿಟ್ಟಿನಲ್ಲಿ ತೊಂಬತ್ತು ಒತ್ತಿ ಟ್ಯಾನ್ ಒತ್ತಿದೆ.

"ಟೀಚರ್, ತೊಂಬತ್ತಕ್ಕ ಆರು ಪಾಯಿಂಟ್ ಮೂರು ಅಂತದ ರೀ."

ಅವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಟ್ಯಾನ್ ತೊಂಬತ್ತಕ್ಕೆ ಉತ್ತರ ಕೊಟ್ಟಿತಾ?"

ತ್ರಿಕೋನಮಿತಿ ಓದಿದವರಿಗೆಲ್ಲ ಗೊತ್ತು, ತೊಂಬತ್ತು ಡಿಗ್ರಿಗೆ ಟ್ಯಾನ್ ಇಲ್ಲ. ಒಳ್ಳೆಯ ಯಂತ್ರ ಎರರ್ ಎಂದು ತೋರಿಸಿ ಸುಮ್ಮನಾಗಬೇಕು. ಅದು ಎರರ್ ಎಂದಿದ್ದರೆ ಎಲ್ಲ ಸರಿಯಿದೆ ಎಂದರ್ಥ. ನಮ್ಮದು ನಗುನಗುತ್ತ ಉತ್ತರ ಕೊಡುತ್ತಿತ್ತು. "ಆ ಉತ್ತರ ಬರೆದ ಎಷ್ಟು ಮಕ್ಕಳ ಪೇಪರ್ ಮೇಲೆ ಕೆಂಪು ಇಂಕು ಸುರಿದಿದೀನೋ," ಎಂದು ಟೀಚರ್ ನಗತೊಡಗಿದರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. "ಪರದೆ ಮೇಲೆ ಮೂಲೇಲಿ ಏನಿದೆ ನೋಡು."

ಬೆಳಕಿಗೆ ಹಿಡಿದು ನೋಡಿದೆ. ಡಿ ಎಂದು ನಾನು ತಿಳಿದಿದ್ದ ಆ ಸಾಸಿವೆಕಾಳಿಗೆ ಒಂದು ಸಣ್ಣ ಬಾಲವಿತ್ತು. ಜಿ.

"ಗ್ರೇಡ್," ಎಂದರು. "ಲಂಬಕೋನಾನ ನೂರು ಭಾಗ ಮಾಡೋ ಅಳತೆ. ನಮ್ಮ ತೊಣ್ಣೂರು ಅಲ್ಲಿ ನೂರು."

ತಮಿಳಿನಲ್ಲಿ ತೊಂಬತ್ತಕ್ಕೆ ತೊಣ್ಣೂರು ಎನ್ನುತ್ತಾರೆ. ನಮ್ಮ ಅಜ್ಜಿ ಪೆರಂಬೂರಿಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯ ತಾತನಿಗೆ ತೊಣ್ಣೂರು ಎಂದು ಯಾರೋ ಅಂದದ್ದನ್ನು ಕೇಳಿ, ನೂರು ಒಂದನ್ನೇ ಹಿಡಿದುಕೊಂಡು, ನೂರು ದಾಟಿದ ಮುತ್ಯಾ ಎಂದು ಹಣ್ಣು ಕಾಯಿ ಒಯ್ದು ಕಾಲಿಗೆ ಬಿದ್ದು ಬಂದಿದ್ದಳು. ನನ್ನ ಯಂತ್ರ ಮಾಡಿದ್ದೂ ಅದೇ. ನಾನು ತೊಂಬತ್ತರ ಲೋಕದಲ್ಲಿ ಕೇಳುತ್ತಿದ್ದೆ, ಅದು ನೂರರ ಲೋಕದಲ್ಲಿ ಕೂತು ಉತ್ತರ ಹೇಳುತ್ತಿತ್ತು. ಎರಡು ಲೋಕಗಳೂ ಅಕ್ಕಪಕ್ಕ ಇರುವುದರಿಂದ ಉತ್ತರಗಳೂ ಹತ್ತಿರ ಹತ್ತಿರವೇ ಬಂದಿದ್ದವು, ನಂಬುವಷ್ಟು ಹತ್ತಿರ. ಒಂದು ಗಂಟೆಯ ಗೀಟಿನಲ್ಲಂತೂ ಆ ತಪ್ಪು ಊರಿನ ಒಂಬತ್ತು ನಿಮಿಷದ ಬಹುಪಾಲನ್ನು ನುಂಗಿ, ನನ್ನ ಕೈಗಡಿಯಾರಕ್ಕೆ ಹೊಂದಿ, ನನ್ನನ್ನು ಬಿಸಿ ತಾರಸಿಯ ಮೇಲೆ ಕುಣಿಸಿತ್ತು.

ಅದು ಜಿಗೆ ಹೋದದ್ದು ಹೇಗೆ ಎಂಬುದು ಉಳಿಯಿತು. ನಾನು ಒತ್ತಿರಲಿಲ್ಲ. ಡಿಗ್ರಿಗೆ ತಂದು, ಮುಚ್ಚಳ ಜಾರಿಸಿ ಹಾಕಿ ತೆಗೆದೆ. ಆರ್ ಆಗಿತ್ತು. ಮತ್ತೆ ಹಾಕಿ ತೆಗೆದೆ. ಜಿ. ಮುಚ್ಚಳದ ಒಳಗೆ ಗಟ್ಟಿಯಾಗಿ ಕೂರಲೆಂದು ಇಟ್ಟ ಒಂದು ಸಣ್ಣ ಏಣು, ಯಂತ್ರ ಆರದಿದ್ದಾಗ ಜಾರಿಸಿದರೆ ಸರಿಯಾಗಿ ಆ ಮೂಲೆಯ ಗುಂಡಿಯನ್ನು ಒತ್ತಿಕೊಂಡು ಹೋಗುತ್ತಿತ್ತು. ಯಂತ್ರವನ್ನು ಕಾಪಾಡಲು ಕೊಟ್ಟ ಮುಚ್ಚಳ ಅದು! ಯಾರೂ ಬಳಸದ ಅಳತೆ, ಅದಕ್ಕೆ ತೀರ ಕೈಗೆ ಸಿಗುವ ಜಾಗ, ಅದರ ಗುರುತಿಗೆ ಕಾಣದಷ್ಟು ಸಣ್ಣ ಅಕ್ಷರ, ಅದರ ಮೇಲೆ ಒತ್ತುವ ಮುಚ್ಚಳ. ಇದನ್ನು ರೂಪಿಸಿದ ಮಹಾನುಭಾವರು ಎದುರಿಗೆ ಸಿಕ್ಕಿದ್ದರೆ ಅವತ್ತು ನನ್ನ ಬಾಯಲ್ಲಿ ಧಾರವಾಡದ ಪೂರ್ತಿ ಶಬ್ದಭಂಡಾರ ಹೊರಬರುತ್ತಿತ್ತು. ಟೀಚರ್ ಮಾತ್ರ, "ಬಿಡು ಮಾ, ಅದಕ್ಕೇನು ತೆರಿಯುಂ, ಪಾವಂ," ಎಂದು, ಪಾಪ ಅದಕ್ಕೇನು ಗೊತ್ತು ಎನ್ನುವ ಹಾಗೆ ಯಂತ್ರವನ್ನು ತಡವಿದರು.

ಆ ವರಾಂಡದಲ್ಲೇ ಎಲ್ಲ ಗೀಟುಗಳನ್ನೂ ಮತ್ತೆ ಹಾಕಿದೆವು. ನಾನು ಒತ್ತುವುದಕ್ಕೆ ಮೊದಲು ಅವರು ಬಾಯಲ್ಲಿ ಅಂದಾಜು ಹೇಳುತ್ತಿದ್ದರು, ಆಮೇಲೆ ಯಂತ್ರ ಹೇಳುತ್ತಿತ್ತು. ಎರಡೂ ಕೂಡಿದರೆ ಮಾತ್ರ ಬರೆಯುವುದು. ನೆಲದ ಮೇಲಿನ ಬಿಸಿಲಿನ ಪಟ್ಟೆಗಳು ಮೆಲ್ಲಗೆ ಸರಿಯುತ್ತ ನನ್ನ ಮಡಿಲಿಗೆ ಹತ್ತಿ, ಹಾಳೆಯ ಮೇಲೆ ಹರಿದು ಹೋದವು. ಮುಚ್ಚಳವನ್ನು ಅವರ ಮನೆಯಲ್ಲೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಹಾಬಲಿಪುರಕ್ಕೆ ಹೋದೆ. ದಾರಿಯುದ್ದಕ್ಕೂ ಎಡಗಡೆ ಸಮುದ್ರ ಆಗಾಗ ಕಂಡು ಮರೆಯಾಗುತ್ತಿತ್ತು. ಕಲ್ಲಿನ ಮೇಲೆ ಎಷ್ಟು ಗೀಟು ಬಿದ್ದಿರಬಹುದೆಂದು ಲೆಕ್ಕ ಹಾಕುತ್ತ ಕೂತಿದ್ದೆ. ಅಂಗಳಕ್ಕೆ ಕಾಲಿಟ್ಟರೆ, ಕಲ್ಲು ಕೆತ್ತುವ ಜಾಗದಲ್ಲಿ ಇರಲಿಲ್ಲ. ಷೆಡ್ಡಿನ ಕಂಬಕ್ಕೆ ಒರಗಿಸಿ, ಎರಡೂ ಕಡೆ ಮರಳಿನ ಚೀಲ ಕೊಟ್ಟು, ಮದುವೆಮನೆಯ ಫಲಕದ ಹಾಗೆ ನೇರ ನಿಲ್ಲಿಸಿದ್ದರು.

"ನಿರುತ್ತಿಟ್ಟೇನ್ ಮಾ, ಪಾರುಂಗ," ಎಂದು ಮೇಸ್ತ್ರಿ ಬೇಸರದಿಂದಲೇ ತೋರಿಸಿದರು, ನಿಲ್ಲಿಸಿದ್ದೇನೆ ನೋಡಿ ಎಂದು.

ಆಗ ಅರ್ಥವಾಯಿತು. ವೇಲೈಯ ನಿರುತ್ತುಂಗ ಎಂದಿದ್ದರೆ ಕೆಲಸ ನಿಲ್ಲಿಸಿ ಎಂದಾಗುತ್ತಿತ್ತು. ನಾನು ಕಲ್ಲನ್ನು ನಿರುತ್ತಲು ಹೇಳಿದ್ದೆ, ಅವರು ನಾಲ್ಕು ಜನ ಸೇರಿ ಅದನ್ನು ಎತ್ತಿ ನಿಲ್ಲಿಸಿದ್ದರು. ನಮ್ಮ ಕನ್ನಡದಲ್ಲೂ ನಿಲ್ಲಿಸು ಎಂದರೆ ಎರಡೂ ತಾನೆ? "ಪಡುಕ್ಕ ವೆಚ್ಚಾ ತಾನೇ ವೆಟ್ಟ ಮುಡಿಯುಂ?" ಎಂದು ಗೊಣಗಿದರು. ಮಲಗಿಸಿದರಲ್ಲವೇ ಕೆತ್ತಲಾಗುವುದು, ನಿಲ್ಲಿಸಿದ ಕಲ್ಲನ್ನು ಏನು ಮಾಡಲಿ ಎಂದು. ಕೆತ್ತಿದ್ದು ಹನ್ನೆರಡರ ಗೀಟು ಒಂದೇ. ಅದು ಯಾವ ಅಳತೆಯಲ್ಲೂ ಒಂದೇ ಕಡೆ ಇರುವ ಗೀಟು. ನಾನು ಮರಳಿನ ಚೀಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಮೇಸ್ತ್ರಿ ಗಾಬರಿಯಾಗಿ ಎಳನೀರು ತರಿಸಿದರು.

ಈ ಸಲ ನಾನು ಯಾವುದನ್ನೂ ನಂಬಲಿಲ್ಲ. ಹೊಸ ಹಾಳೆಯನ್ನು ಅವರ ಬಯಲಿನಲ್ಲಿ ಉತ್ತರಕ್ಕೆ ಹೊಂದಿಸಿ ಹಾಸಿ, ಶಂಕು ನಿಲ್ಲಿಸಿ, ಇಡೀ ಮಧ್ಯಾಹ್ನ ಕೂತೆ. ಉಳಿಗಳ ಸದ್ದು ದೂರದಿಂದ ಗೆಜ್ಜೆಯಂತೆ ಬರುತ್ತಿತ್ತು. ಸುತ್ತ ಅರ್ಧ ಹುಟ್ಟಿದ ದೇವರುಗಳು, ಮುಖ ಬಂದು ಕೈ ಬಾರದವು, ಕೈ ಬಂದು ಕಣ್ಣು ತೆರೆಯದವು, ಬಿಸಿಲು ಕಾಯುತ್ತ ಮಲಗಿದ್ದವು. ಒಂದು, ಎರಡು, ಮೂರು, ನಾಲ್ಕು. ಪ್ರತಿ ಗೀಟಿಗೂ ನೆರಳು ನನ್ನ ಕೈಗಡಿಯಾರಕ್ಕಿಂತ ತಡವಾಗಿಯೇ ಬಂತು. ಪ್ರತಿ ಸಲವೂ ಅದೇ ಒಂಬತ್ತು ನಿಮಿಷ, ಹೆಚ್ಚಿಲ್ಲ, ಕಡಿಮೆಯಿಲ್ಲ. ತಡವಾಗಿ ಬಂದವರನ್ನು ಕಂಡು ನಾನು ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು. ಮೇಸ್ತ್ರಿಗೆ ತಮಿಳಿನಲ್ಲಿ, ಒಂದೊಂದು ಪದ ಬಿಡಿಸಿ, ಕೆಲಸ ಶುರು ಮಾಡಿ ಎಂದೆ.

ಚಿತ್ತಿರೈ ಮುಗಿಯುವುದಕ್ಕೆ ಮೊದಲೇ ಕಲ್ಲು ಶಾಲೆಯ ಅಂಗಳಕ್ಕೆ ಬಂತು. ಪರೀಕ್ಷೆಗಳು ಮುಗಿದು ಮಕ್ಕಳಿಲ್ಲ. ಹೆಡ್‌ಮಿಸ್ಟ್ರೆಸ್, ನಾಲ್ಕಾರು ಟೀಚರುಗಳು, ಮುದಲಾಳಿ. ನಡುವೆ ನಮ್ಮ ಟೀಚರ್, ಮಡಿಸಿಟ್ಟ ರೇಷ್ಮೆಯ ಗೆರೆ ಇನ್ನೂ ಹೋಗದ ಸೀರೆಯುಟ್ಟು. ಮೂರರ ಗೀಟಿಗೆ ಎಲ್ಲರೂ ಕಾದೆವು. ಶಾಲೆಯ ಬೆಲ್ಲು ಮೂರು ಎಂದು ಬಾರಿಸಿತು. ನೆರಳು ಇನ್ನೂ ಹಿಂದೆಯೇ ಇತ್ತು.

"ಕೊಂಚಂ ಸ್ಲೋ ಪೋಲಿರುಕ್ಕೇ," ಎಂದು ಹೆಡ್‌ಮಿಸ್ಟ್ರೆಸ್ ಮೆಲ್ಲಗೆ ಹೇಳಿದರು. ಸ್ವಲ್ಪ ನಿಧಾನ ಇದ್ದ ಹಾಗಿದೆ ಎಂದು. ಬಿಸಿಲು ಜೋರಿತ್ತು, ಒಳಗೆ ಕಾಫಿ ಬಂದಿತ್ತು. ಒಬ್ಬೊಬ್ಬರಾಗಿ ಹೋದರು.

ಉಳಿದದ್ದು ನಾವಿಬ್ಬರು. ಟೀಚರ್ ನೋಡಲೆಂದು ಬಗ್ಗಿದರು. ಅವರಿಗೆ ಕಾಣಬೇಕಾದರೆ ಮುಖವನ್ನು ಕಲ್ಲಿನ ಹತ್ತಿರ ತರಬೇಕು, ತಂದರೆ ಅವರ ತಲೆಯ ನೆರಳೇ ಕಲ್ಲಿನ ತುಂಬ ಬಿದ್ದು ಎಲ್ಲವನ್ನೂ ನುಂಗಿಬಿಟ್ಟಿತು. ಇಷ್ಟೆಲ್ಲ ಲೆಕ್ಕ ಹಾಕಿದವಳಿಗೆ ಇದೊಂದು ಹೊಳೆದಿರಲಿಲ್ಲ.

"ಅಯ್ಯೋ, ನಾನೇ ಅಡ್ಡ ಬಂದೆ," ಎಂದರು.

ಕೈ ಹಿಡಿದು ಕಲ್ಲನ್ನು ಸುತ್ತಿಸಿ ಪೂರ್ವದ ಬದಿಗೆ ಕರೆತಂದೆ. ಸ್ಟೂಲು ತಂದು ಕೂರಿಸಿದೆ. ಈಗ ಸೂರ್ಯ ಅವರ ಎದುರಿಗೆ, ತಲೆಯ ನೆರಳು ಬೆನ್ನ ಹಿಂದೆ. ಬಗ್ಗಿ, ಮೊದಲು ಬೆರಳಿನಿಂದ ಮೂರರ ಗೀಟನ್ನು ಮುಟ್ಟಿ ಹಿಡಿದುಕೊಂಡರು. ಆಮೇಲೆ ತಮ್ಮ ಬಳೆಯಷ್ಟು ನೋಟವನ್ನು ಮೆಲ್ಲಗೆ ಅಲ್ಲಿಗೆ ತಂದರು. ಹಿತ್ತಾಳೆಯ ಶಂಕುವಿನ ನೆರಳು ತಿಳಿಗಲ್ಲಿನ ಮೇಲೆ ಹೆಜ್ಜೆಯ ಸದ್ದಿಲ್ಲದೆ ಬರುತ್ತಿತ್ತು.

"ಬರ್ತಾ ಇದೆ," ಎಂದರು. ತುಸು ಹೊತ್ತು ಬಿಟ್ಟು, "ಬಂತು. ಉಕ್ಕಾರ್ತು."

ಬಂದಿತ್ತು. ಗಡಿಯಾರದಲ್ಲಿ ಮೂರು ದಾಟಿ ಏಳೆಂಟು ನಿಮಿಷ. ಈ ದಿನಗಳಲ್ಲಿ ಸೂರ್ಯ ಸ್ವಲ್ಪ ಚುರುಕಾಗಿರುತ್ತಾನೆ ಎಂದು ಟೀಚರ್ ಮೊದಲೇ ಹೇಳಿದ್ದರು. ಕೆಲಸ ಮುಗಿಯಿತು, ಇನ್ನು ಅವರನ್ನು ನೆರಳಿಗೆ ಕರೆದೊಯ್ಯಬೇಕೆಂದು ಎದ್ದೆ.

"ಒಂದು ಪಾಯಿಂಟ್ ಇಟ್ಕೊಂಡು ಗೀಟು ಎಳೆಯೋಕಾಗತ್ತಾ ಮಾ?" ಎಂದರು. "ಎರಡು ಬೇಕು. ನಾಲ್ಕು ತನಕ ಇರ್ತೀನಿ."

ಪಕ್ಕದಲ್ಲಿ ನೆಲಕ್ಕೆ ಕೂತೆ. ಬಿಸಿಲು ಹಳದಿಯಾಗುತ್ತ ಬಂತು. ಸ್ವಲ್ಪ ಹೊತ್ತು ನೋಡಿದ ಮೇಲೆ ಟೀಚರ್ ತಲೆಯೆತ್ತಿ ಕಣ್ಣು ಮುಚ್ಚಿಕೊಂಡರು. ಆಯಾಸವಾಯಿತೇನೋ ಎಂದುಕೊಂಡೆ.

"ಇಲ್ಲ ಮಾ, ಪ್ರಾಕ್ಟೀಸ್," ಎಂದರು. "ಬಿಸಿಲು ಮುಖದ ಮೇಲೆ ಎಲ್ಲಿಗೆ ಇಳೀತು ಅನ್ನೋದರಿಂದ್ಲೇ ನಾಲ್ಕಾಯ್ತು ಅಂತ ನಾನು ಹೇಳ್ತೀನಿ. ನೀನು ನೆರಳು ನೋಡ್ಕೋ. ತಪ್ಪಾದ್ರೆ ಬಿಡಬಾರದು."

ಬಹಳ ಹೊತ್ತು ಹೋಯಿತು. ಒಳಗೆ ಕಾಫಿ ಲೋಟಗಳ ಸದ್ದೂ ನಿಂತಿತ್ತು.

"ಈಗ," ಎಂದರು ಟೀಚರ್. ಮುಖದಲ್ಲಿ ನಗು ತುಂಬಿತ್ತು.

ನೆರಳು ನಾಲ್ಕರ ಗೀಟಿಗೆ ಇನ್ನೂ ಬಂದಿರಲಿಲ್ಲ. ಹೌದ್ರಿ ಎಂದುಬಿಡಬೇಕೆಂದು ನನ್ನ ಜೀವವೆಲ್ಲ ಬಾಯಿಗೆ ಬಂತು.

"ಇನ್ನೂ ಇಲ್ರಿ ಟೀಚರ್," ಎಂದೆ.

"ಎಷ್ಟಿದೆ?"

"ಒಂದು ಬೆರಳು."

"ಸರಿ," ಎಂದರು. ಮುಖವನ್ನು ಒಂಚೂರು ಬಿಸಿಲಿನ ಕಡೆಗೆ ತಿರುಗಿಸಿ, ಕಣ್ಣು ತೆರೆಯದೆಯೇ, ಮತ್ತೆ ಕಾಯತೊಡಗಿದರು.